ಹಸಿರು ಶಾಯಿ, ಕಪ್ಪು ಪೆನ್ನು

ನನ್ನ ಫೋನಿನಲ್ಲಿ ಒಂದು ಫೋಟೋ ಇದೆ. ಮೀಟಿಂಗ್ ರೂಮಿನ ಬಿಳಿ ಬೋರ್ಡಿನದು. ಮೇಲೆ ದಪ್ಪ ಅಕ್ಷರದಲ್ಲಿ 'ಗ್ರಾಹಕರಿಗೆ ಇನ್ನೂ ಒಳ್ಳೆಯ ಅನುಭವ ಕೊಡುವುದು ಹೇಗೆ?' ಅಂತ ಬರೆದಿದೆ. ಅದರ ಕೆಳಗೆ ಹನ್ನೊಂದು ಐಡಿಯಾ. ಆವತ್ತು ಅಲ್ಲಿ ಕೂತಿದ್ದವರು ಹದಿನಾಲ್ಕು ಜನ, ಕೂತಿದ್ದು ಒಂದು ಗಂಟೆ. ಅಂದರೆ ತಲೆಗೊಂದು ಐಡಿಯಾ ಕೂಡ ಬರಲಿಲ್ಲ.

ಆ ಹನ್ನೊಂದರಲ್ಲಿ ಏಳು ಚಾಟ್‌ಬಾಟ್ ಬಗ್ಗೆ. ಮೀಟಿಂಗ್ ಶುರುವಾದ ಎರಡನೇ ನಿಮಿಷಕ್ಕೆ ನಮ್ಮ ಮ್ಯಾನೇಜರ್ "ನಾವೂ ಒಂದು ಚಾಟ್‌ಬಾಟ್ ಮಾಡಬಹುದಲ್ವಾ?" ಅಂದಿದ್ದರು. ಅಲ್ಲಿಗೆ ಮುಗಿಯಿತು. ಒಬ್ಬರು ಅದಕ್ಕೆ ಹೆಸರಿಡೋಣ ಅಂದರು. ಇನ್ನೊಬ್ಬರು ಅದಕ್ಕೊಂದು ನಗುಮುಖ ಇರಲಿ ಅಂದರು. ಮತ್ತೊಬ್ಬರು ಧ್ವನಿಯೂ ಇರಲಿ ಅಂದರು. ನಾನು ಕೋಲೆ ಬಸವನ ಹಾಗೆ ತಲೆ ಆಡಿಸುತ್ತಾ ಕೂತಿದ್ದೆ. ಆ ಚಾಟ್‌ಬಾಟ್ ಇವತ್ತಿನವರೆಗೂ ಹುಟ್ಟಿಲ್ಲ, ಅದು ಬೇರೆ ಮಾತು.

ಹೊರಗೆ ಬಂದ ಮೇಲೆ ಕಾರಿಡಾರಿನಲ್ಲಿ ಗೊಣಗಿದೆ. ಸ್ವಲ್ಪ ಜೋರಾಗಿಯೇ ಗೊಣಗಿದೆ ಅಂತ ಕಾಣುತ್ತೆ. ಮಾರನೇ ವಾರ ಮ್ಯಾನೇಜರ್ ಕರೆದು, "ಮುಂದಿನ ಸಲ ನೀವೇ ನಡೆಸಿ ನೋಡೋಣ" ಅಂದರು. ಕೋಪದಲ್ಲಿ ಹೇಳಿದ್ದಲ್ಲ. ಆದರೂ ಬೆಕ್ಕಿಗೆ ಗಂಟೆ ಕಟ್ಟಬೇಕು ಅಂದವಳ ಕೈಗೇ ಗಂಟೆ ಕೊಟ್ಟ ಹಾಗಾಯಿತು.

ನಾವು ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡುವವರು. ನಾನು ಹೆಲ್ಪ್‌ಡೆಸ್ಕ್ ನೋಡಿಕೊಳ್ಳುತ್ತೇನೆ. ಫೋನ್ ಎತ್ತುವುದು ನನ್ನ ಕಸುಬು, ಮೀಟಿಂಗ್ ನಡೆಸುವುದಲ್ಲ. ಹಾಗಾಗಿ ಮೊದಲು ಓದಲು ಕೂತೆ.

ಹೀಗೆ ಒಟ್ಟಿಗೆ ಕೂತು ಐಡಿಯಾ ಹುಡುಕುವುದಕ್ಕೆ ಬ್ರೈನ್‌ಸ್ಟಾರ್ಮಿಂಗ್ ಅನ್ನುತ್ತಾರೆ. ಅದನ್ನು ಯಾರೋ ಮ್ಯಾನೇಜ್‌ಮೆಂಟ್ ಪ್ರೊಫೆಸರ್ ಹುಟ್ಟುಹಾಕಿರಬೇಕು ಅಂದುಕೊಂಡಿದ್ದೆ. ಅಲ್ಲ. ಅಲೆಕ್ಸ್ ಆಸ್ಬರ್ನ್ ಅಂತ ಅಮೆರಿಕದ ಜಾಹೀರಾತಿನವರು. ಬಿಬಿಡಿಒ ಅನ್ನುವ ಏಜೆನ್ಸಿಯ ಹೆಸರಿನ ಕೊನೆಯ 'ಒ' ಅವರದೇ. ತಮ್ಮ ಆಫೀಸಿನಲ್ಲಿ ಮಾಡುತ್ತಿದ್ದದ್ದನ್ನು ಅವರು ಪುಸ್ತಕಗಳಲ್ಲಿ ಬರೆದರು. 1948ರಲ್ಲಿ ಬಂದ ಪುಸ್ತಕದಿಂದ ಅದು ಊರೂರಿನ ಆಫೀಸುಗಳಿಗೆ ಹರಡಿತು. ಅವರ ನಿಯಮಗಳು ನಾಲ್ಕೇ. ಐಡಿಯಾ ಬರುತ್ತಿರುವಾಗ ಸರಿ ತಪ್ಪು ಅನ್ನಬೇಡಿ. ಹುಚ್ಚು ಅನ್ನಿಸಿದ್ದನ್ನೂ ಹೇಳಿ. ಆದಷ್ಟು ಜಾಸ್ತಿ ಹೇಳಿ. ಇನ್ನೊಬ್ಬರ ಐಡಿಯಾದ ಮೇಲೆ ನಿಮ್ಮದನ್ನು ಕಟ್ಟಿ. ಇದರಲ್ಲಿ ನಾಲ್ಕನೆಯದನ್ನು ಮಾತ್ರ ನಾವು ಚಾಚೂ ತಪ್ಪದೆ ಪಾಲಿಸಿದ್ದೆವು. ಚಾಟ್‌ಬಾಟ್ ಮೇಲೆ ಚಾಟ್‌ಬಾಟ್ ಕಟ್ಟಿದ್ದೇ ಕಟ್ಟಿದ್ದು.

ಇಷ್ಟಕ್ಕೆ ನಿಲ್ಲಿಸಿದ್ದರೆ ನಾಲ್ಕು ನಿಯಮ ಪ್ರಿಂಟ್ ಹಾಕಿ ಗೋಡೆಗೆ ಅಂಟಿಸಿ ಸುಮ್ಮನಾಗುತ್ತಿದ್ದೆ. ಆದರೆ ಮುಂದೆ ಓದಿದಾಗ ಒಂದು ಸಂಗತಿ ಸಿಕ್ಕಿತು. 1958ರಲ್ಲಿ ಯೇಲ್ ವಿಶ್ವವಿದ್ಯಾಲಯದ ಟೇಲರ್, ಬೆರಿ ಮತ್ತು ಬ್ಲಾಕ್ ಅನ್ನುವ ಮೂವರು ಇದನ್ನು ಪರೀಕ್ಷೆ ಮಾಡಿ ನೋಡಿದ್ದರು. ಒಂದು ಕಡೆ ನಾಲ್ಕು ಜನ ಒಟ್ಟಿಗೆ ಕೂತು ಮಾತಾಡಿ ಐಡಿಯಾ ಕೊಡುವುದು. ಇನ್ನೊಂದು ಕಡೆ ನಾಲ್ಕು ಜನ ಒಬ್ಬೊಬ್ಬರೇ ಯೋಚಿಸುವುದು, ಆಮೇಲೆ ಅವರ ಪಟ್ಟಿಗಳನ್ನು ಸೇರಿಸಿ ಒಂದೇ ತರದ್ದನ್ನು ತೆಗೆದುಹಾಕುವುದು. ಒಬ್ಬೊಬ್ಬರೇ ಕೂತವರ ಪಟ್ಟಿ ಹತ್ತಿರ ಹತ್ತಿರ ಎರಡರಷ್ಟು ಉದ್ದ ಬಂತು! ಒಟ್ಟಿಗೆ ಕೂತರೆ ತಲೆ ಜಾಸ್ತಿ ಓಡುತ್ತೆ ಅಂತ ನಾವೆಲ್ಲ ನಂಬಿಕೊಂಡಿದ್ದೇವಲ್ಲ, ಅದಕ್ಕೆ ಪೂರ್ತಿ ಉಲ್ಟಾ.

ಯಾಕೆ ಹೀಗೆ ಅನ್ನುವುದಕ್ಕೆ 1987ರಲ್ಲಿ ಡೀಲ್ ಮತ್ತು ಸ್ಟ್ರೋಬ ಅನ್ನುವ ಇಬ್ಬರು ಒಂದು ಉತ್ತರ ಕೊಟ್ಟರು. ಬೇರೆಯವರು ಏನೆಂದುಕೊಳ್ಳುತ್ತಾರೋ ಅನ್ನುವ ಅಂಜಿಕೆ ಒಂದು ಕಾರಣ ಇರಬಹುದು. ಬೇರೆಯವರು ಹೇಳುತ್ತಾರೆ ಬಿಡು ಅನ್ನುವ ಸೋಮಾರಿತನ ಇನ್ನೊಂದು. ಆದರೆ ಎಲ್ಲಕ್ಕಿಂತ ದೊಡ್ಡ ಅಡ್ಡಿ ತೀರಾ ಸರಳವಾದದ್ದು: ಒಂದು ಸಲಕ್ಕೆ ಒಬ್ಬರೇ ಮಾತಾಡಲು ಸಾಧ್ಯ. ಅವರು ಜನರನ್ನು ಬೇರೆ ಬೇರೆ ಕೋಣೆಯಲ್ಲಿ ಕೂರಿಸಿ, ಒಬ್ಬರು ಮಾತಾಡುವಾಗ ದೀಪದ ಸನ್ನೆಯಿಂದ ಉಳಿದವರನ್ನು ಕಾಯಿಸಿ ನೋಡಿದರು. ಎದುರಿಗೆ ಯಾರೂ ಇಲ್ಲ, ಬರೀ ಕಾಯುವುದು. ಅಷ್ಟಕ್ಕೇ ಐಡಿಯಾಗಳು ಕುಸಿದವು.

ಇದನ್ನು ಓದಿದಾಗ ನನ್ನ ಹತ್ತು ವರ್ಷದ ಮೀಟಿಂಗ್‌ಗಳೆಲ್ಲ ಕಣ್ಣ ಮುಂದೆ ಬಂದವು. ನನಗೆ ಏನೋ ಒಂದು ಹೊಳೆಯುತ್ತದೆ. ಅಷ್ಟರಲ್ಲಿ ಸೇಲ್ಸ್‌ನವರು ಮಾತು ಶುರು ಮಾಡಿರುತ್ತಾರೆ. ಮರೆತುಹೋಗಬಾರದು ಅಂತ ನಾನು ನನ್ನ ವಾಕ್ಯವನ್ನು ಮನಸ್ಸಿನಲ್ಲೇ ಉರು ಹೊಡೆಯುತ್ತೇನೆ. ಉರು ಹೊಡೆಯುತ್ತಿರುವಾಗ ಅವರು ಹೇಳಿದ್ದು ಕಿವಿಗೆ ಬೀಳುವುದಿಲ್ಲ. ಹೊಸದೇನೂ ಹೊಳೆಯುವುದೂ ಇಲ್ಲ, ತಲೆಯ ಜಾಗವೆಲ್ಲ ಆ ಒಂದು ವಾಕ್ಯಕ್ಕೆ ಹೋಗಿರುತ್ತದೆ. ಕೊನೆಗೆ ನನ್ನ ಸರದಿ ಬರುವಷ್ಟರಲ್ಲಿ ಮಾತು ಬೇರೆ ಕಡೆ ಹೊರಳಿರುತ್ತದೆ. "ಏನೋ ಹೇಳಬೇಕು ಅಂತಿದ್ರಿ?" ಅಂತ ಯಾರಾದರೂ ಕೇಳಿದರೆ, "ಏನಿಲ್ಲ, ಬಿಡಿ." ಈ 'ಏನಿಲ್ಲ, ಬಿಡಿ'ಯನ್ನು ನಾನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ.

ಅಂದಮೇಲೆ ನಾನು ನಡೆಸುವ ಮೀಟಿಂಗಿನಲ್ಲಿ ಮೊದಲ ಭಾಗದಲ್ಲಿ ಯಾರೂ ಬಾಯಿ ಬಿಡಬಾರದು ಅಂತ ತೀರ್ಮಾನ ಮಾಡಿದೆ. ಆಸ್ಬರ್ನ್ ಕೂಡ ಇದಕ್ಕೆ ಬೇಡ ಅನ್ನುತ್ತಿರಲಿಲ್ಲ. ಗುಂಪಿನಲ್ಲಿ ಯೋಚಿಸುವುದು ಒಬ್ಬರೇ ಯೋಚಿಸುವುದಕ್ಕೆ ಪೂರಕ ಅಷ್ಟೇ, ಅದರ ಬದಲಿಗೆ ಅಲ್ಲ ಅಂತ ಅವರೇ ಹೇಳಿದ್ದರು. ಆ ಭಾಗವನ್ನು ನಾವೆಲ್ಲ ಮರೆತೆವು.

ಆದರೆ ಮೀಟಿಂಗಿಗಿಂತ ಜಾಸ್ತಿ ಹೊತ್ತು ತಿಂದದ್ದು ಪ್ರಶ್ನೆ. 'ಗ್ರಾಹಕರ ಅನುಭವ' ಅಂದರೆ ಗಾಳಿಗೆ ಗುದ್ದಿದ ಹಾಗೆ. ಯಾವ ಗ್ರಾಹಕ? ಯಾವಾಗ? ಏನು ಮಾಡಲು ಹೊರಟಾಗ? ಎರಡು ಸಂಜೆ ಹೆಡ್‌ಫೋನ್ ಹಾಕಿಕೊಂಡು ನಮ್ಮದೇ ಹೆಲ್ಪ್‌ಡೆಸ್ಕಿನ ಹಳೆಯ ಕರೆಗಳನ್ನು ಕೇಳಿದೆ. ನಲವತ್ತು ಕರೆ. ಒಂದು ನೋಟ್‌ಬುಕ್ಕಿನಲ್ಲಿ ಗೀಟು ಹಾಕುತ್ತಾ ಹೋದೆ. ಇಪ್ಪತ್ತು ದಾಟುವಷ್ಟರಲ್ಲಿ ಒಂದು ಕಡೆ ಮಾತ್ರ ಗೀಟುಗಳು ಗುಂಪುಗುಂಪಾಗಿ ನಿಂತಿದ್ದವು. ಹೊಸದಾಗಿ ಕೊಂಡವರು, ಮೊದಲ ದಿನ, ಮೊದಲ ಬಿಲ್ ಪ್ರಿಂಟ್ ಕೊಟ್ಟಿದ್ದಾರೆ. ಕಾಗದದ ಅಳತೆ ಬೇರೆ ಇದೆ. ಅರ್ಧ ಬಿಲ್ ಬಂದಿದೆ, ಅಥವಾ ಒಟ್ಟು ಮೊತ್ತ ಎರಡನೇ ಹಾಳೆಗೆ ಹೋಗಿದೆ. ಒಬ್ಬರಂತೂ, "ಮೇಡಂ, ಎದುರಿಗೆ ಗಿರಾಕಿ ನಿಂತಿದ್ದಾರೆ, ನಾನು ಏನು ಕೊಡಲಿ?" ಅಂತ ಕೇಳುತ್ತಿದ್ದರು. ಆ ದನಿ ಕೇಳಿ ಹೆಡ್‌ಫೋನ್ ತೆಗೆದಿಟ್ಟೆ.

ಪ್ರಶ್ನೆ ಅಲ್ಲೇ ಸಿಕ್ಕಿತು: 'ಹೊಸ ಗ್ರಾಹಕರ ಮೊದಲ ಬಿಲ್ ಮೊದಲ ಸಲಕ್ಕೇ ಸರಿಯಾಗಿ ಪ್ರಿಂಟ್ ಆಗಬೇಕಾದರೆ ನಾವು ಏನೇನು ಮಾಡಬಹುದು?' ಇಲ್ಲಿ 'ಏನು' ಅಲ್ಲ, 'ಏನೇನು'. 'ಏನು' ಅಂದರೆ ಜನ ಒಂದೇ ಸರಿಯುತ್ತರ ಹುಡುಕುತ್ತಾರೆ. 'ಏನೇನು' ಅಂದರೆ ಕೈ ಸಡಿಲವಾಗುತ್ತದೆ. ಇದು ನನ್ನ ನಂಬಿಕೆ, ಯಾವ ಪ್ರೊಫೆಸರರೂ ಹೇಳಿದ್ದಲ್ಲ. ಎರಡು ದಿನ ಮೊದಲೇ ಈ ಪ್ರಶ್ನೆಯನ್ನು ಎಲ್ಲರಿಗೂ ಮೇಲ್ ಮಾಡಿದೆ. ಜೊತೆಗೆ ಆ ನಲವತ್ತರಲ್ಲಿ ಮೂರು ಕರೆಗಳ ತುಣುಕು, ಯಾರ ಹೆಸರೂ ಬಾರದ ಹಾಗೆ. ಅಷ್ಟೇ. ಉದ್ದದ ವರದಿ ಕಳಿಸಿದರೆ ಯಾರೂ ಓದುವುದಿಲ್ಲ, ಅಲ್ವಾ.

ಜನರನ್ನು ಆರಿಸುವುದು ಬೇಗ ಮುಗಿಯಿತು. ಹದಿನಾಲ್ಕು ಬೇಡ, ಆರು ಸಾಕು. ಆರು ಯಾಕೆಂದು ಮುಂದೆ ಹೇಳುತ್ತೇನೆ. ಪ್ರಿಂಟಿಂಗ್ ಕೋಡ್ ಬರೆದ ಡೆವಲಪರ್, ಟೆಸ್ಟಿಂಗಿನ ಒಬ್ಬರು, ಸೇಲ್ಸ್‌ನ ಒಬ್ಬರು, ನಮ್ಮ ಹೆಲ್ಪ್‌ಡೆಸ್ಕಿನಿಂದ ಇಬ್ಬರು. ಆ ಇಬ್ಬರಲ್ಲಿ ಒಬ್ಬಳು ಸೇರಿ ಮೂರು ವಾರವಾಗಿದ್ದ ಹುಡುಗಿ. ಹೊಸಬರಿಗೆ 'ಇದು ಆಗಲ್ಲ' ಅಂತ ಇನ್ನೂ ಯಾರೂ ಕಲಿಸಿರುವುದಿಲ್ಲ. ಆರನೆಯವರು ಮ್ಯಾನೇಜರ್.

ಮ್ಯಾನೇಜರನ್ನು ಕರೆಯಬೇಕೋ ಬೇಡವೋ ಅಂತ ಒಂದು ರಾತ್ರಿ ಯೋಚಿಸಿದೆ. ಕರೆಯದಿದ್ದರೆ ಮುಂದೆ ಯಾವುದೂ ನಡೆಯುವುದಿಲ್ಲ. ಕರೆದರೆ ಮತ್ತೆ ಚಾಟ್‌ಬಾಟ್. ಕೊನೆಗೆ ಹೋಗಿ ನೇರವಾಗಿ ಹೇಳಿಬಿಟ್ಟೆ.

"ಸರ್, ನೀವು ಬರಬೇಕು. ಆದರೆ ಮಾತಾಡಬಾರದು."

"ಯಾಕ್ರೀ?"

"ನೀವು ಒಂದು ಮಾತಾಡಿದರೆ ಉಳಿದವರೆಲ್ಲ ಅದನ್ನೇ ಮಾತಾಡ್ತಾರೆ ಸರ್."

ಒಂದು ಕ್ಷಣ ಸುಮ್ಮನಿದ್ದರು. ಆಮೇಲೆ ನಕ್ಕು, "ಚಾಟ್‌ಬಾಟ್ ತರ?" ಅಂದರು. ನಾನು ಅಷ್ಟು ದಿನ ಅವರಿಗೆ ಗೊತ್ತೇ ಇಲ್ಲ ಅಂದುಕೊಂಡಿದ್ದೆ!

ಇನ್ನೊಂದು ಸಣ್ಣ ತೊಡಕಿತ್ತು. ನಮ್ಮ ಮ್ಯಾನೇಜರ್ ಬರೆಯುವುದು ಯಾವಾಗಲೂ ಹಸಿರು ಶಾಯಿಯಲ್ಲಿ. ರಜೆ ಚೀಟಿಯಿಂದ ಹಿಡಿದು ಎಲ್ಲದಕ್ಕೂ ಹಸಿರು. ಬಾಯಿ ಮುಚ್ಚಿಸಿದರೂ ಆ ಬಣ್ಣವೇ ಕೂಗಿ ಹೇಳುತ್ತದೆ ಇದು ಯಾರ ಐಡಿಯಾ ಅಂತ. ಹಾಗಾಗಿ ಒಂದೇ ತರದ ಆರು ಕಪ್ಪು ಪೆನ್ನು ತಂದು ಟೇಬಲ್ ಮೇಲೆ ಇಟ್ಟೆ. ಅವರು ಬಂದವರೇ ಅಭ್ಯಾಸಬಲದಿಂದ ಜೇಬಿಗೆ ಕೈ ಹಾಕಿದರು. ನಾನು ಏನೂ ಹೇಳದೆ ಕಪ್ಪು ಪೆನ್ನನ್ನು ಅವರ ಕಡೆಗೆ ತಳ್ಳಿದೆ.

ಈಗ ಆರು ಯಾಕೆ ಅಂತ. 1960ರ ದಶಕದ ಕೊನೆಯಲ್ಲಿ ಜರ್ಮನಿಯ ಬರ್ಂಟ್ ರೋರ್‌ಬಾಖ್ ಅನ್ನುವವರು ಒಂದು ವಿಧಾನ ಹೇಳಿದರು. ಅದಕ್ಕೆ 6-3-5 ಅನ್ನುತ್ತಾರೆ. ಆರು ಜನ, ತಲಾ ಮೂರು ಐಡಿಯಾ, ಐದು ನಿಮಿಷ. ಪ್ರತಿಯೊಬ್ಬರ ಮುಂದೆ ಒಂದು ಹಾಳೆ, ಮೂರು ಕಂಬಸಾಲು, ಆರು ಅಡ್ಡಸಾಲು. ಐದು ನಿಮಿಷದಲ್ಲಿ ಮೊದಲ ಸಾಲಿನ ಮೂರು ಚೌಕ ತುಂಬಿ, ಹಾಳೆಯನ್ನು ಪಕ್ಕದವರಿಗೆ ಕೊಡಬೇಕು. ಅವರು ಅದನ್ನು ಓದಿ ಕೆಳಗೆ ಇನ್ನು ಮೂರು ಬರೆಯಬೇಕು. ಆರು ಸುತ್ತು ಮುಗಿದಾಗ ಅರ್ಧ ಗಂಟೆಯಲ್ಲಿ 108 ಚೌಕ. ನಾನು ಒಂದು ಬದಲಾವಣೆ ಮಾಡಿದೆ. ಪಕ್ಕದವರಿಗೆ ಕೊಟ್ಟರೆ ಯಾರದು ಅಂತ ಗೊತ್ತಾಗುತ್ತೆ. ಅದಕ್ಕೆ ಹಾಳೆಗಳನ್ನು ಟೇಬಲ್ ಮಧ್ಯಕ್ಕೆ ಮಗುಚಿ ಹಾಕಿ, ತಾವು ಮುಟ್ಟದ ಯಾವುದಾದರೂ ಒಂದನ್ನು ಎತ್ತಿಕೊಳ್ಳಿ ಅಂದೆ.

ನಾನು ಬರೆಯಲಿಲ್ಲ. ನಡೆಸುವವರು ಬರೆಯಲು ಕೂತರೆ ಗಡಿಯಾರ ನೋಡುವವರು ಯಾರು?

ಮೊದಲ ಸುತ್ತಿನಲ್ಲಿ ಎಲ್ಲರ ಪೆನ್ನೂ ಓಡಿತು. ಎಲ್ಲರಿಗೂ ಮೊದಲೇ ಹೊಳೆದದ್ದು ಬಂತು: ವಿಡಿಯೋ ಮಾಡೋಣ, ಕೈಪಿಡಿ ಕೊಡೋಣ, ಸಹಾಯದ ಬಟನ್ ದೊಡ್ಡದು ಮಾಡೋಣ. ಎರಡನೇ ಸುತ್ತೂ ಪರವಾಗಿಲ್ಲ. ಮೂರನೆಯದಕ್ಕೆ ಬರುವಷ್ಟರಲ್ಲಿ ರೂಮಿನಲ್ಲಿ ಎಸಿ ಸದ್ದು ಬಿಟ್ಟರೆ ಇನ್ನೇನೂ ಇಲ್ಲ. ಸೇಲ್ಸ್‌ನವರ ಕಾಲು ಟೇಬಲ್ ಕೆಳಗೆ ಕುಣಿಯುತ್ತಿತ್ತು. ಮಾತೇ ಜೀವ ಅವರಿಗೆ, ಪಾಪ. ನಾಲ್ಕನೇ ಸುತ್ತಿನಲ್ಲಿ ಇಬ್ಬರು ತಲೆ ಎತ್ತಿ ನನ್ನನ್ನು ನೋಡಿದರು, ಸಾಕಲ್ವಾ ಅನ್ನುವ ಹಾಗೆ. ಐದು ನಿಮಿಷ ಇಷ್ಟು ಉದ್ದ ಅಂತ ನನಗೂ ಗೊತ್ತಿರಲಿಲ್ಲ. ನಿಲ್ಲಿಸಿಬಿಡೋಣ ಅನ್ನಿಸಿತು. ನಿಲ್ಲಿಸಲಿಲ್ಲ. ಅದೊಂದೇ ಆವತ್ತು ನಾನು ಮಾಡಿದ ಬುದ್ಧಿವಂತ ಕೆಲಸ.

ಯಾಕೆ ಅಂತ ಒಂದು ಹಾಳೆಯ ಒಂದು ಕಂಬಸಾಲನ್ನು ಇದ್ದ ಹಾಗೇ ಬರೆಯುತ್ತೇನೆ.

ಮೊದಲನೆಯದು: 'ಪ್ರಿಂಟರ್ ಜೋಡಿಸುವ ವಿಡಿಯೋ.'
ಎರಡನೆಯದು, ಬೇರೆ ಕೈಬರಹ: 'ವಿಡಿಯೋ ಯಾರೂ ನೋಡಲ್ಲ. ಹತ್ತು ಸೆಕೆಂಡಿನದು?'
ಮೂರನೆಯದು: 'ವಿಡಿಯೋ ಬದಲು ಒಂದೇ ಚಿತ್ರ.'
ನಾಲ್ಕನೆಯದು: 'ಕೇಳಬೇಡಿ, ತೋರಿಸಿ.'
ಐದನೆಯದು: 'ಇನ್‌ಸ್ಟಾಲ್ ಆದ ತಕ್ಷಣ ಅಂಗಡಿ ಹೆಸರು ಹಾಕಿ ಒಂದು ಮಾದರಿ ಬಿಲ್ ತಾನಾಗೇ ಪ್ರಿಂಟ್ ಆಗಲಿ.'
ಆರನೆಯದು: 'ಆಮೇಲೆ ಮೂರು ಚಿತ್ರ ತೋರಿಸಿ. ನಿಮ್ಮ ಬಿಲ್ ಯಾವ ತರ ಬಂದಿದೆ? ಅವರು ಮುಟ್ಟಿದ ಚಿತ್ರ ನೋಡಿ ಅಳತೆ ನಾವೇ ಸರಿ ಮಾಡೋಣ.'

ಗಮನಿಸಿ, ಕಾಗದದ ಅಳತೆ ಎಷ್ಟು ಅಂತ ಗ್ರಾಹಕರನ್ನು ಕೇಳುವುದೇ ಇಲ್ಲ. ನಾವು ಎಷ್ಟೋ ವರ್ಷದಿಂದ ಅದನ್ನೇ ಕೇಳುತ್ತಿದ್ದೆವು, ಮಿಲಿಮೀಟರಿನಲ್ಲಿ! ಆ ನಾಲ್ಕನೇ ಸಾಲು, ಬರೀ ಎರಡು ಪದದ್ದು, ಟೆಸ್ಟಿಂಗಿನವರದು ಅಂತ ಬಹಳ ದಿನದ ಮೇಲೆ ಗೊತ್ತಾಯಿತು. ಹದಿನಾಲ್ಕು ಜನರ ಮೀಟಿಂಗಿನಲ್ಲೂ ಅವರು ಇದ್ದರು. ಆವತ್ತು ಬಾಗಿಲ ಪಕ್ಕ ಕೂತಿದ್ದು, ಮೀಟಿಂಗ್ ಮುಗಿದಾಗ ಎಲ್ಲರಿಗಿಂತ ಮೊದಲು ಎದ್ದು ಹೋಗಿದ್ದರು.

108 ಚೌಕದಲ್ಲಿ 83 ತುಂಬಿದ್ದವು. ಉಳಿದವು ಖಾಲಿ, ಒಂದರಲ್ಲಿ ಒಂದು ಆನೆಯ ಚಿತ್ರ. ಎಲ್ಲರನ್ನೂ ಕಳಿಸಿ, ನಾನೊಬ್ಬಳೇ ಕೂತು ಎಲ್ಲವನ್ನೂ ಹಳದಿ ಸ್ಟಿಕ್ಕಿ ನೋಟ್‌ಗಳಿಗೆ ನಕಲು ಮಾಡಿದೆ. ಮತ್ತೆ ಮತ್ತೆ ಬಂದದ್ದನ್ನು ಬಿಟ್ಟರೆ 57 ಚೀಟಿ. ಕೈ ನೋವು ಬಂತು, ಆದರೆ ಎಲ್ಲ ಐಡಿಯಾಗಳೂ ಒಂದೇ ಕೈಬರಹಕ್ಕೆ ಬಂದವು. ಹಾಗೇ ಒಂದು ಅಡ್ಡಮಾತು: ಸ್ಟಿಕ್ಕಿ ನೋಟನ್ನು ಕೆಳಗಿನಿಂದ ಮೇಲಕ್ಕೆ ಕೀಳಬೇಡಿ. ಅದು ಸುರುಳಿ ಸುತ್ತಿಕೊಂಡು ಅರ್ಧ ಗಂಟೆಗೆ ನೆಲಕ್ಕೆ ಬೀಳುತ್ತದೆ. ಅಂಟಿನ ಪಟ್ಟಿಯ ಉದ್ದಕ್ಕೆ, ಪಕ್ಕದಿಂದ ಎಳೆಯಬೇಕು. ಇದು ಗೊತ್ತಿಲ್ಲದೆ ಹಿಂದೆ ಎಷ್ಟು ಐಡಿಯಾಗಳನ್ನು ಕಸದ ಜೊತೆ ಗುಡಿಸಿದ್ದೇವೋ!

ಮಾರನೇ ದಿನ ಬೆಳಿಗ್ಗೆ ಎರಡನೇ ಭಾಗ. ಇಲ್ಲಿ ನನಗೆ ದಾರಿ ತೋರಿಸಿದ್ದು ಜಪಾನಿನ ಮಾನವಶಾಸ್ತ್ರಜ್ಞ ಕವಾಕಿತ ಜಿರೊ. ನೇಪಾಳದ ಹಳ್ಳಿಗಳಲ್ಲೆಲ್ಲ ಓಡಾಡಿ ಕೆಲಸ ಮಾಡಿದವರು. ರಾಶಿ ರಾಶಿ ಟಿಪ್ಪಣಿಗಳಿಂದ ಅರ್ಥ ತೆಗೆಯಲು ಅವರು ಕಂಡುಕೊಂಡ ದಾರಿಗೆ ಅವರ ಹೆಸರಿನ ಮೊದಲಕ್ಷರದಿಂದಲೇ ಕೆಜೆ ವಿಧಾನ ಅನ್ನುತ್ತಾರೆ. ಮೊದಲೇ ತಲೆಬರಹ ಹಾಕಿ ಚೀಟಿಗಳನ್ನು ಅದರ ಕೆಳಗೆ ತುಂಬುವುದಲ್ಲ. ಒಂದಕ್ಕೊಂದು ಹತ್ತಿರ ಅನ್ನಿಸಿದ ಚೀಟಿಗಳನ್ನು ಹತ್ತಿರ ಇಡುವುದು, ಹೆಸರು ಆಮೇಲೆ ಕೊಡುವುದು. ಆರೂ ಜನ ಬೋರ್ಡ್ ಮುಂದೆ ನಿಂತು ಮಾತಿಲ್ಲದೆ ಚೀಟಿ ಸರಿಸಿದರು. ಒಂದು ಚೀಟಿಯನ್ನು ಡೆವಲಪರ್ ಎಡಕ್ಕೆ ಅಂಟಿಸಿದರೆ ಸೇಲ್ಸ್‌ನವರು ಬಲಕ್ಕೆ ಎಳೆಯುತ್ತಿದ್ದರು. ಎತ್ತು ಏರಿಗೆ, ಕೋಣ ನೀರಿಗೆ. ಮೂರು ಸಲ ಹಾಗಾದ ಮೇಲೆ ಅದೇ ಚೀಟಿಯನ್ನು ಎರಡು ಬರೆದು ಎರಡೂ ಕಡೆ ಹಾಕಿದೆ.

ಆಮೇಲೆ ಮಾತಿಗೆ ಬಿಟ್ಟೆ. ಇಲ್ಲೇ ನಾನು ಎಡವಿದ್ದು. ಒಂದು ಚೀಟಿಯಲ್ಲಿ 'ಪ್ರಿಂಟರ್ ಬೇಡವೇ ಬೇಡ. ಬಿಲ್ ಗಿರಾಕಿಯ ಫೋನಿಗೆ ಹೋಗಲಿ' ಅಂತಿತ್ತು. ನಾನು ಯೋಚಿಸದೆ, "ಇದು ಆಗಲ್ಲ, ಪ್ರಶ್ನೆ ಪ್ರಿಂಟ್ ಬಗ್ಗೆ" ಅಂದುಬಿಟ್ಟೆ. ರೂಮ್ ತಣ್ಣಗಾಯಿತು. ಎರಡು ದಿನ ಎಲ್ಲರ ಬಾಯಿ ಕಟ್ಟಿದವಳು ನಾನೇ, ಮೊದಲು ಕತ್ತರಿ ಹಾಕಿದವಳೂ ನಾನೇ. ಹೊಸ ಹುಡುಗಿ ಕೈಯಲ್ಲಿದ್ದ ಪೆನ್ನಿನ ಮುಚ್ಚಳ ಮುಚ್ಚಿದಳು. ಟಕ್ ಅಂತ ಸದ್ದು ಬಂತು. ಆ ಸದ್ದು ಕೇಳಿದ ಮೇಲೆ ಅದು ಅವಳದೇ ಚೀಟಿ ಅಂತ ಗೊತ್ತಾಗಲು ಬೇರೇನೂ ಬೇಕಿರಲಿಲ್ಲ. "ತಪ್ಪಾಯ್ತು, ಇದನ್ನು ಇಲ್ಲಿಡೋಣ" ಅಂತ ಬೋರ್ಡಿನ ಮೂಲೆಯಲ್ಲಿ 'ಆಮೇಲೆ' ಅಂತ ಬರೆದು ಅದರ ಕೆಳಗೆ ಅಂಟಿಸಿದೆ. ಅವಳು ಹೂಂ ಅಂದಳು. ಅಷ್ಟೇ.

ಆಯ್ಕೆ ಮಾಡುವುದು ಹದಿನೈದು ನಿಮಿಷದ ಕೆಲಸ. ತಲಾ ಮೂರು ಚುಕ್ಕೆ. ಯಾವುದಕ್ಕೆ ಇಡುತ್ತೀರಿ ಅಂತ ಮೊದಲು ನಿಮ್ಮ ನಿಮ್ಮ ಚೀಟಿಯಲ್ಲಿ ಬರೆದುಕೊಳ್ಳಿ, ಆಮೇಲೆ ಎಲ್ಲರೂ ಒಟ್ಟಿಗೆ ಎದ್ದು ಇಡಿ ಅಂದೆ. ಇಲ್ಲದಿದ್ದರೆ ಮೊದಲ ಚುಕ್ಕೆ ಬಿದ್ದ ಕಡೆಗೇ ಉಳಿದ ಚುಕ್ಕೆಗಳೂ ಕುರಿಮಂದೆಯ ಹಾಗೆ ಹೋಗುತ್ತವೆ. ಎರಡನ್ನು ಆರಿಸಿದೆವು: ಮಾದರಿ ಬಿಲ್, ಮತ್ತು ಪ್ರಿಂಟರ್ ಮಾಡೆಲ್ ತಾನಾಗೇ ಗುರುತಿಸುವುದು. ಎರಡಕ್ಕೂ ಎದುರಿಗೆ ಒಬ್ಬೊಬ್ಬರ ಹೆಸರು, ಒಂದೊಂದು ತಾರೀಖು.

ಎರಡನೆಯದು ಮಕಾಡೆ ಮಲಗಿತು. ಪ್ರಿಂಟರ್‌ಗಳು ತಮ್ಮ ಹೆಸರನ್ನೇ ಸರಿಯಾಗಿ ಹೇಳುವುದಿಲ್ಲ ಅಂತ ಡೆವಲಪರ್ ಎರಡು ವಾರ ತಲೆ ಚಚ್ಚಿಕೊಂಡು ಕೈ ಬಿಟ್ಟರು. ಮಾದರಿ ಬಿಲ್ ಬಂತು, ಹೇಳಿದ ತಾರೀಖಿಗಿಂತ ಒಂದೂವರೆ ತಿಂಗಳು ತಡವಾಗಿ. ಈಗಲೂ ಮೊದಲ ದಿನದ ಕರೆಗಳು ಬರುತ್ತವೆ. 'ಒಟ್ಟು ಮೊತ್ತ ಕಾಣ್ತಿಲ್ಲ' ಅನ್ನುವ ಕರೆ ಮಾತ್ರ ನನ್ನ ಹೊಸ ನೋಟ್‌ಬುಕ್ಕಿನಲ್ಲಿ ಅಪರೂಪ.

ಕಳೆದ ವಾರ ಆರೂ ಜನರಿಗೆ ಒಂದು ಮೇಲ್ ಹಾಕಿದೆ. 57 ಚೀಟಿಗಳಲ್ಲಿ ಯಾವುದು ಎಲ್ಲಿಗೆ ಬಂತು, ಯಾವುದನ್ನು ಯಾಕೆ ಬಿಟ್ಟೆವು, ಒಂದೊಂದು ಸಾಲು. ಇದನ್ನು ಹಿಂದೆಯೇ ಕಳಿಸಬೇಕಿತ್ತು. ಬರೆದುಕೊಟ್ಟವರಿಗೆ ತಮ್ಮ ಚೀಟಿ ಏನಾಯಿತು ಅಂತ ಗೊತ್ತಾಗದಿದ್ದರೆ ಮುಂದಿನ ಸಲ ಯಾಕೆ ಬರೆಯುತ್ತಾರೆ?

ಐದು ಜನ 'ಥ್ಯಾಂಕ್ಸ್' ಅಂದರು. ಹೊಸ ಹುಡುಗಿ, ಈಗ ಅವಳೂ ಅಷ್ಟೇನೂ ಹೊಸಬಳಲ್ಲ, ಒಂದೇ ಸಾಲು ಬರೆದಿದ್ದಾಳೆ: 'ಮೇಡಂ, ಫೋನಿಗೆ ಬಿಲ್ ಕಳಿಸುವುದು ಇನ್ನೂ ಆಮೇಲೆ ಅಂತಲೇ ಇದೆ. ಆಮೇಲೆ ಅಂದರೆ ಯಾವಾಗ?'

ಇನ್ನೂ ಉತ್ತರ ಕೊಟ್ಟಿಲ್ಲ. ಸೋಮವಾರಕ್ಕೆ ಮೀಟಿಂಗ್ ರೂಮ್ ಬುಕ್ ಮಾಡಿದ್ದೇನೆ. ಕಪ್ಪು ಪೆನ್ನುಗಳಲ್ಲಿ ಎರಡು ಒಣಗಿವೆ, ತರಬೇಕು.